ಗುಲಾಬಿ ಬಣ್ಣದ ಪ್ಲಾಸ್ಮಾ

9 ಅಕ್ಟೋಬರ್ 2024, ಬುಧವಾರ ರಾತ್ರಿ

ರಕ್ತದಲ್ಲೇ ಸ್ತನ ಕ್ಯಾನ್ಸರ್ ಪತ್ತೆ ಮಾಡುವ ನಮ್ಮ ಪರೀಕ್ಷೆಗೆ ತಂದ ರಕ್ತ, ಇವತ್ತು ಆರು ಟ್ಯೂಬು ಚೆಲ್ಲಬೇಕಾಯಿತು. ಗಿರ್ರನೆ ತಿರುಗಿಸಿ ಕಣ ಬೇರೆ ಮಾಡುವ ಸೆಂಟ್ರಿಫ್ಯೂಜ್‌ನಿಂದ ತೆಗೆದರೆ ಪ್ಲಾಸ್ಮಾ, ಅಂದರೆ ರಕ್ತದ ನೀರಿನ ಭಾಗ, ತಿಳಿ ಹಳದಿ ಇರಬೇಕು. ಇವು ಬೀಟ್‌ರೂಟ್ ತೊಳೆದ ನೀರಿನ ಹಾಗಿದ್ದವು. ರಕ್ತ ಎಳೆಯುವಾಗಲೋ ತರುವಾಗಲೋ ಕೆಂಪು ಕಣ ಒಡೆದಿದೆ. ಒಡೆದರೆ ಒಳಗಿನ ಮೈಕ್ರೋಆರ್‌ಎನ್‌ಎ (ಜೀನನ್ನು ಹತೋಟಿಯಲ್ಲಿಡುವ ಪುಟ್ಟ ಆರ್‌ಎನ್‌ಎ, ನಾವು ಅಳೆಯುವುದೇ ಅದನ್ನು) ಎಲ್ಲ ಪ್ಲಾಸ್ಮಾಕ್ಕೆ ಬಂದುಬಿಡುತ್ತದೆ. ಅದರಲ್ಲಿ ಮಿರ್-451, ಮಿರ್-16 ಎಂಬ ಬಗೆಗಳಂತೂ ರಾಶಿ ರಾಶಿ. ಎಷ್ಟೋ ಲ್ಯಾಬ್‌ನವರು ಈ ಮಿರ್-16ನ್ನೇ ತೂಕದ ಕಲ್ಲು ಮಾಡಿಕೊಂಡು ಉಳಿದದ್ದನ್ನು ತೂಗಿದ್ದಾರೆ! ಒಬ್ಬರ ಫಲಿತಾಂಶ ಇನ್ನೊಬ್ಬರಿಗೆ ತಾಳೆಯಾಗದಿದ್ದರೆ ಆಶ್ಚರ್ಯ ಏನಿದೆ.

ಆಪರೇಷನ್ನಿಗೆ ಮುಂಚೆ ಆ ಹೆಂಗಸರು ತೋಳು ಚಾಚಿ ಕೊಟ್ಟ ರಕ್ತ. ಸಿಂಕಿನ ಪಕ್ಕ ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದೆ.

ಸಂಜೆ ಸಾಗರದಿಂದ ಚಿಕ್ಕಮ್ಮನ ಫೋನು. "ನಿನ್ನ ಕೆಲಸಕ್ಕೆ ನೊಬೆಲ್ ಬಂತಂತಲ್ಲೇ ಮಾರಾಯ್ತಿ!"

ಬಂದಿದ್ದು ಮೈಕ್ರೋಆರ್‌ಎನ್‌ಎ ಕಂಡುಹಿಡಿದ ವಿಜ್ಞಾನಿಗಳಾದ ಆಂಬ್ರೋಸ್ ಮತ್ತು ರವ್‌ಕುನ್‌ಗೆ, ಸೋಮವಾರ. ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ ಈ ಪುಟ್ಟ ಆರ್‌ಎನ್‌ಎ ಸಿಕ್ಕಿದ ಸುದ್ದಿ ಅಚ್ಚಾಗಿದ್ದು 1993ರಲ್ಲಿ. ಬರೀ 22 ಅಕ್ಷರದ ಚೂರು, ಜೀನಿನ ಬಾಯಿ ಕಟ್ಟುತ್ತದೆ ಅಂತೆಲ್ಲ ಹೇಳಿದೆ. ಚಿಕ್ಕಮ್ಮನಿಗೆ ಹುಳ ಬೇಕಾಗಿರಲಿಲ್ಲ.

"ಅಲ್ಲ, ರಕ್ತದಲ್ಲೇ ಗೊತ್ತಾಗುತ್ತದೆ ಅಂದಿದ್ದೆಯಲ್ಲ. ಹಾಗಾದ್ರೆ ಆ ಮಷೀನಿನಲ್ಲಿ ಎದೆ ಒತ್ತಿಸಿಕೊಳ್ಳೋದು ಬೇಡ ಅಲ್ವಾ?"

ಬೇಕು ಚಿಕ್ಕಮ್ಮ ಅಂದೆ. ಸ್ತನ ಕ್ಯಾನ್ಸರ್‌ನಲ್ಲಿ ಮಿರ್-21 ಜಾಸ್ತಿ ಆಗುತ್ತದೆ, ನಿಜ. ಬೇರೆ ಕ್ಯಾನ್ಸರ್‌ಗಳಲ್ಲೂ ಆಗುತ್ತದೆ, ಉರಿಯೂತದಲ್ಲೂ ಆಗುತ್ತದೆ. ಒಂದನ್ನೇ ನೋಡಿ ಹೇಳೋಕಾಗಲ್ಲ, ನಾಲ್ಕಾರು ಸೇರಿಸಿ ನೋಡಬೇಕು. ನಮ್ಮ ಪರೀಕ್ಷೆ ನಂಬಿ ಮ್ಯಾಮೊಗ್ರಾಮ್ ಬಿಡುವ ಕಾಲ ಇನ್ನೂ ಬಂದಿಲ್ಲ.

"ಮತ್ತೆ ಅಷ್ಟು ವರ್ಷದಿಂದ ಏನು ಮಾಡ್ತೀರಿ ನೀವು?"

ಬೀಟ್‌ರೂಟ್ ನೀರು ಚೆಲ್ಲುತ್ತೇವೆ ಅನ್ನಬೇಕೆನಿಸಿತು. ನಕ್ಕುಬಿಟ್ಟೆ. ಅವರೂ ನಕ್ಕರು. ಶುಕ್ರವಾರ ಆಯುಧಪೂಜೆಗೆ ಸೆಂಟ್ರಿಫ್ಯೂಜ್‌ಗೆ ಕುಂಕುಮ ಹಚ್ಚುತ್ತೀರಾ ಅಂತ ಕೇಳಿದರು. ಹಚ್ಚುತ್ತೇವೆ, ಚೆಂಡುಹೂವನ್ನೂ ಇಡುತ್ತೇವೆ. ಪೂಜೆ ಮಾಡಿದರೂ ಕಣ ಒಡೆಯುವುದು ನಿಲ್ಲುವುದಿಲ್ಲ, ಅದು ಬೇರೆ.

ಫೋನ್ ಇಡುವ ಮುಂಚೆ, ಎಲ್ಲ ಮುಗಿದ ಮೇಲೆ, "ನೋವಿಲ್ಲದ ಗಂಟಾದ್ರೆ ಚಿಂತೆ ಇಲ್ಲ ಅಲ್ವಾ? ಸುಮ್ನೆ ಕೇಳಿದೆ" ಅಂದರು. ಹಾಗಲ್ಲ, ನೋವಿಲ್ಲದ್ದನ್ನೇ ಮೊದಲು ತೋರಿಸಬೇಕು ಅಂದೆ. ಹೂಂ ಅಂದರು. ಕುಕ್ಕರ್ ಕೂಗಿತು, ಇಟ್ಟುಬಿಟ್ಟರು.

ಊಟ ಮಾಡುವಾಗ ಅನ್ನ ಕಲಸಿದ ಕೈ ಹಾಗೇ ನಿಂತಿತು. ಚಿಕ್ಕಮ್ಮ ಯಾವತ್ತು ಸುಮ್ನೆ ಕೇಳಿದ್ದಾರೆ? ಆಮೇಲೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಒಂಬತ್ತಕ್ಕೇ ಮಲಗುವವರು. ನಾಳೆ ರಾತ್ರಿ ಬಸ್ಸಿಗೆ ಸೀಟು ಇದ್ದರೆ, ಹಬ್ಬದ ರಶ್ಶು ಬೇರೆ,