ತಲೆಗೆ ಪೆಟ್ಟು ಬಿದ್ದರೆ ಮೊದಲು ಉಜ್ಜೋದು ನಿಲ್ಲಿಸಿ

ಬೇಸಿಗೆ ರಜೆ ಬಂತು ಅಂದರೆ ನಮ್ಮ ದಾವಣಗೆರೆಯಲ್ಲಿ ಮಕ್ಕಳೆಲ್ಲ ಮಾಳಿಗೆ ಮೇಲೆ. ಸೆಕೆಗೆ ರಾತ್ರಿ ಮಲಗೋದೂ ಅಲ್ಲೇ. ಎಷ್ಟೋ ಮನೆಗಳ ಮೇಲೆ ಅಡ್ಡಗೋಡೆಯೇ ಇರುವುದಿಲ್ಲ, ಇದ್ದರೂ ಮೊಣಕಾಲಷ್ಟು ಎತ್ತರ. ಭಾನುವಾರ ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋದರಂತೂ ಆ ಬಂಡೆಗಳನ್ನು ಕಂಡ ಮೇಲೆ ಇವರ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಬೀಳುತ್ತಾರೆ. ಚಿಕ್ಕ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆಯ ಭಾರ ಜಾಸ್ತಿ, ಹಾಗಾಗಿ ಬಿದ್ದರೆ ಮೊದಲು ತಗಲುವುದು ತಲೆಯೇ.

ಬಿದ್ದ ಕೂಡಲೇ ಮನೆಯಲ್ಲಿ ಏನಾಗುತ್ತೆ ಗೊತ್ತಲ್ವಾ? ಒಬ್ಬರು ಬುಗುಟನ್ನು ಅಂಗೈಯಲ್ಲಿ ಒತ್ತಿ ಒತ್ತಿ ಉಜ್ಜುತ್ತಾರೆ, ಇನ್ನೊಬ್ಬರು ಕಾಫಿಪುಡಿ ಹುಡುಕುತ್ತಾರೆ, ಅಜ್ಜಿ ಸೆರಗಿನ ತುದಿಯನ್ನು ಉಂಡೆ ಮಾಡಿ ಬಾಯಿಂದ ಊದಿ ಕಾವು ಕೊಡುತ್ತಾರೆ, ಮತ್ತೊಬ್ಬರು ನೆಲಕ್ಕೆ ಎರಡು ಏಟು ಕೊಟ್ಟು ಮಗುವನ್ನು ಸಮಾಧಾನ ಮಾಡುತ್ತಾರೆ. ನೆಲಕ್ಕೆ ಧಾರಾಳವಾಗಿ ಹೊಡೆಯಿರಿ, ತೊಂದರೆ ಇಲ್ಲ. ಉಜ್ಜೋದು ಮಾತ್ರ ಬೇಡ. ಬುಗುಟು ಅಂದರೆ ಚರ್ಮದ ಕೆಳಗೆ ಸಣ್ಣ ರಕ್ತನಾಳ ಒಡೆದು ರಕ್ತ ಸೇರಿಕೊಂಡಿರುವುದು. ಉಜ್ಜಿದರೆ, ಕಾವು ಕೊಟ್ಟರೆ ಇನ್ನಷ್ಟು ಸೇರುತ್ತೆ. ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಿ, ಸಾಕು. ಗಾಯ ಆಗಿ ರಕ್ತ ಬರುತ್ತಿದ್ದರೆ ಒಗೆದ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಮುಟ್ಟಿದಾಗ ಮೂಳೆ ಒಳಗೆ ಕುಸಿದ ಹಾಗಿದ್ದರೆ ಅಲ್ಲಿ ಒತ್ತಬೇಡಿ. ಕಾಫಿಪುಡಿ ಹಾಕಿದರೆ ಹೊಲಿಗೆ ಹಾಕುವ ಮೊದಲು ಅದನ್ನು ತೊಳೆಯಬೇಕು, ಆ ಉರಿ ತಿನ್ನಬೇಕಾದವರು ಮಕ್ಕಳೇ.

ಇನ್ನು ಬುಗುಟಿನ ಗಾತ್ರ ನೋಡಿ ಹೆದರುವುದು, ಇಲ್ಲವೇ ಧೈರ್ಯ ತಂದುಕೊಳ್ಳುವುದು, ಎರಡೂ ತಪ್ಪು ಲೆಕ್ಕ. ಹಣೆ ಮೇಲಿನದು ನೋಡ್ತಾ ನೋಡ್ತಾ ನಿಂಬೆಹಣ್ಣಿನಷ್ಟು ಆಗುತ್ತೆ, ಆದರೆ ಮಗು ಆಡ್ಕೊಂಡು ತಿಂದ್ಕೊಂಡು ಇದ್ದರೆ ಸಾಮಾನ್ಯವಾಗಿ ಅಪಾಯ ಕಡಿಮೆ. ಎರಡು ವರ್ಷದೊಳಗಿನ ಮಗುವಿಗೆ ಕಿವಿಯ ಮೇಲ್ಗಡೆ, ಪಕ್ಕದಲ್ಲಿ ಅಥವಾ ಹಿಂದೆ ಮೆತ್ತಗೆ ಊದಿದ್ದರೆ ಮಾತ್ರ ನಗುತ್ತಿದ್ದರೂ ಡಾಕ್ಟರಿಗೆ ತೋರಿಸಿ.

ಕೆಲವೊಮ್ಮೆ ತಲೆಬುರುಡೆಗೂ ಮೆದುಳಿನ ಹೊದಿಕೆಗೂ ನಡುವೆ ರಕ್ತ ನಿಧಾನಕ್ಕೆ ಸೇರುತ್ತಾ ಹೋಗುತ್ತೆ. ಮೊದಲು ಅತ್ತು ಸುಮ್ಮನಾಗಿ, ಬಿಸ್ಕೆಟ್ ತಿಂದು ಆಟಕ್ಕೂ ಹೋದ ಮಗು ಗಂಟೆಗಳ ನಂತರ ಮಂಕಾಗುತ್ತೆ. ಅದಕ್ಕೇ ಮೊದಲ ಒಂದೆರಡು ದಿನ ಕಣ್ಣಿಟ್ಟಿರಿ ಅನ್ನೋದು. ಮತ್ತೆ ಮತ್ತೆ ವಾಂತಿ, ಜಾಸ್ತಿಯಾಗುತ್ತಲೇ ಹೋಗುವ ತಲೆನೋವು, ತೊದಲುವ ಮಾತು, ನಡೆಯುವಾಗ ಓಲಾಟ, ಒಂದು ಕೈ ಅಥವಾ ಕಾಲು ಸೋಲುವುದು, ಮನೆಯವರ ಗುರುತೇ ಸಿಗದವರ ಹಾಗೆ ನೋಡುವುದು, ಹಸುಗೂಸಾದರೆ ಏನು ಮಾಡಿದರೂ ನಿಲ್ಲದ ಅಳು ಅಥವಾ ಉಬ್ಬಿದ ನೆತ್ತಿ, ಇವುಗಳಲ್ಲಿ ಒಂದು ಕಂಡರೂ ಹೊರಡಿ. ಪ್ರಜ್ಞೆ ತಪ್ಪಿದ್ದರೆ, ಫಿಟ್ಸ್ ಬಂದರೆ, ಕಣ್ಣಿನ ಪಾಪೆ ಒಂದು ದೊಡ್ಡದು ಒಂದು ಚಿಕ್ಕದು ಆಗಿದ್ದರೆ, ಮೂಗು ಕಿವಿಯಿಂದ ರಕ್ತವೋ ನೀರಿನಂಥದ್ದೋ ಸೋರಿದರೆ 108ಕ್ಕೆ ಫೋನ್ ಮಾಡಿ. ಎತ್ತರದಿಂದ ಬಿದ್ದು ಕತ್ತು ನೋವು ಅನ್ನುತ್ತಿದ್ದರೆ ಎತ್ತಿ ಹೆಗಲ ಮೇಲೆ ಹಾಕಿಕೊಂಡು ಓಡಬೇಡಿ. ಅಲುಗಾಡಿಸದೆ ಮಲಗಿಸಿಡಿ.

ನಿದ್ದೆ ಮಾಡಿಸಲೇಬಾರದು ಅನ್ನೋದು ಹಳೇ ಮಾತು. ಅತ್ತು ಸುಸ್ತಾದ ಮಗು ತನ್ನ ಮಲಗುವ ಹೊತ್ತಿಗೆ ಮಲಗಲಿ ಬಿಡಿ. ಡಾಕ್ಟರು ಹೇಳಿದ್ದರೆ ನಡುವೆ ಎಬ್ಬಿಸಿ ನೋಡಿ. ಎಬ್ಬಿಸಿದರೂ ಏಳದಿದ್ದರೆ ಅದು ನಿದ್ದೆ ಅಲ್ಲ.

ಆಸ್ಪತ್ರೆಯಲ್ಲಿ ನಮ್ಮವರದು ಇನ್ನೊಂದು ಕಥೆ. ಸಿಟಿ ಸ್ಕ್ಯಾನ್ ಮಾಡಿಸಲೇಬೇಕು ಅಂತ ಹಟ ಹಿಡಿಯುತ್ತಾರೆ, ಮಾಡದ ಡಾಕ್ಟರು ಏನೂ ಗೊತ್ತಿಲ್ಲದವರು ಅಂತ ತೀರ್ಮಾನ ಬೇರೆ! ಸ್ಕ್ಯಾನಿನ ವಿಕಿರಣ ಬೆಳೆಯುವ ಮಕ್ಕಳಿಗೆ ಸುಮ್ಸುಮ್ನೆ ಕೊಡುವಂಥದ್ದಲ್ಲ. ಯಾರಿಗೆ ಬೇಕು, ಯಾರಿಗೆ ಬೇಡ ಅಂತ ತೀರ್ಮಾನಿಸಲು ಅಮೆರಿಕದಲ್ಲಿ 42 ಸಾವಿರಕ್ಕೂ ಜಾಸ್ತಿ ಮಕ್ಕಳನ್ನು ನೋಡಿ ಮಾಡಿದ ಪೆಕಾರ್ನ್ ಅನ್ನೋ ನಿಯಮ 2009ರಲ್ಲಿ ಪ್ರಕಟವಾಯಿತು. ಎಷ್ಟೋ ಮಕ್ಕಳಿಗೆ ಕೆಲವು ಗಂಟೆ ಅಲ್ಲೇ ಇರಿಸಿಕೊಂಡು ನೋಡಿದರೆ ಸಾಕಾಗುತ್ತೆ. ಆ ನಿಯಮದಲ್ಲಿ ಬಿದ್ದ ಎತ್ತರಕ್ಕೂ ಲೆಕ್ಕ ಇದೆ. ಎರಡು ವರ್ಷದೊಳಗಿನವರಿಗೆ 3 ಅಡಿ, ಅದಕ್ಕಿಂತ ದೊಡ್ಡ ಮಕ್ಕಳಿಗೆ 5 ಅಡಿ ದಾಟಿದರೆ ಅದು ಜೋರಾದ ಪೆಟ್ಟು.

ನಾವು ಎಡವುವುದು ಇಲ್ಲೇ ನೋಡಿ. ಮಗು ಬಿದ್ದಾಗ ಮನೆಯಲ್ಲಿ ಕೇಳುವ ಮೊದಲ ಪ್ರಶ್ನೆ "ಯಾರು ನೋಡ್ಕೊಂತಿದ್ರು?" ಅಂತ. ಸೊಸೆ ಅತ್ತೆಗೆ ಹೆದರಿ, ಅಜ್ಜಿ ಮಗನಿಗೆ ಹೆದರಿ, ಅಕ್ಕ ಎಲ್ಲರಿಗೂ ಹೆದರಿ ಕಥೆ ಬದಲಾಯಿಸುತ್ತಾರೆ. ಮಾಳಿಗೆ ಮೆಟ್ಟಿಲಿಂದ ಉರುಳಿದ ಮಗು ಡಾಕ್ಟರ ಮುಂದೆ ಮಂಚದಿಂದ ಬಿದ್ದ ಮಗು ಆಗಿಬಿಡುತ್ತೆ. ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಪಿ.ಬಿ. ರಸ್ತೆಯಲ್ಲಿ ಹೋಗುವಾಗ ಬಿದ್ದರೂ ಅಷ್ಟೇ, ಅಂಗಳದಲ್ಲಿ ಜಾರಿದ ಅನ್ನುತ್ತಾರೆ. (9 ತಿಂಗಳಿಂದ 4 ವರ್ಷದ ಮಕ್ಕಳಿಗೂ ಬೈಕಿನಲ್ಲಿ ಹೆಲ್ಮೆಟ್, ಬೆಲ್ಟು ಕಡ್ಡಾಯ ಅಂತ 2022ರಲ್ಲೇ ಕೇಂದ್ರ ಸರ್ಕಾರ ನಿಯಮ ತಂದಿದೆ, ರಸ್ತೆಯಲ್ಲಿ ನನಗಂತೂ ಇನ್ನೂ ಕಂಡಿಲ್ಲ.) ಎಲ್ಲಿಂದ, ಎಷ್ಟು ಹೊತ್ತಿಗೆ, ಯಾವುದರ ಮೇಲೆ ಬಿತ್ತು, ಕೂಡಲೇ ಅತ್ತಿತಾ, ಎಷ್ಟು ಸಲ ವಾಂತಿ ಆಯಿತು, ಇದನ್ನು ಕಣ್ಣಾರೆ ಕಂಡವರೇ ಹೇಳಬೇಕು. ಹಾಗಾಗಿ ಚಿಗಟೇರಿ ಜಿಲ್ಲಾಸ್ಪತ್ರೆಗೋ ಹತ್ತಿರದ ಮಕ್ಕಳ ಡಾಕ್ಟರ ಹತ್ತಿರವೋ ಹೊರಟಾಗ ಆ ಅಜ್ಜಿಯನ್ನೋ ಅಕ್ಕನನ್ನೋ ಜೊತೆಗೇ ಆಟೋ ಹತ್ತಿಸಿ. ಬೈಯೋದಿದ್ದರೆ ಮನೆಗೆ ಬಂದ ಮೇಲೆ ಬೈಯಿರಿ.