ಬ್ಯಾರನ್ ದ್ವೀಪದ ಮಾಡೆಲ್: ಗುಡ್ಡ ಕೊನೆಗೂ ನಿಂತಿತು

ನಿಂತಿದೆ! ಅಂಡಮಾನಿನ ಜ್ವಾಲಾಮುಖಿ ಬ್ಯಾರನ್ ದ್ವೀಪದ ಮಾಡೆಲ್ ಮಾಡುತ್ತಿದ್ದೇನೆ, ಅದರ ನಡುವಿನ ಗುಡ್ಡ ನಿಂತಿದೆ. ಬೆರಳಲ್ಲಿ ತಟ್ಟಿದರೂ ಒಂದು ಕಾಳು ಉದುರುತ್ತಿಲ್ಲ.

ಕಾಂಟೂರ್ ಪ್ರಿಂಟ್, ಶೀಟ್ ಕತ್ತರಿಸುವುದು, ಪುಟ್ಟಿ ಬಳಿಯುವುದು ಎಲ್ಲ ನಿಮಗೆ ಗೊತ್ತಿರುವುದೇ, ಬಿಟ್ಟುಬಿಡುತ್ತೇನೆ. ಒಂದು ಗೊಣಗಾಟ ಮಾತ್ರ. ಆನ್‌ಲೈನ್‌ನಲ್ಲಿ ಎಕ್ಸ್‌ಪಿಎಸ್ ಶೀಟ್ (ಒತ್ತಾದ, ನಯವಾಗಿ ಕೊಯ್ಯಲು ಬರುವ ಫೋಮ್) ಆರ್ಡರ್ ಮಾಡಿದರೆ ಬಂದದ್ದು ಟಿವಿ ಡಬ್ಬದೊಳಗಿನ ಮಾಮೂಲಿ ಥರ್ಮಾಕೋಲ್. ಫೋನ್ ಮಾಡಿ ಕೇಳಿದರೆ "ಸರ್, ಎರಡೂ ಒಂದೇ" ಅಂದರು. ಬ್ಲೇಡ್ ಹಿಡಿದು ಒಂದು ಸಲ ಕೊಯ್ದು ನೋಡಲಿ, ಒಂದೇನಾ ಅಂತ ಗೊತ್ತಾಗುತ್ತೆ.

ಬ್ಯಾರನ್ ದ್ವೀಪ ಇರುವುದು ಪೋರ್ಟ್ ಬ್ಲೇರ್‌ನಿಂದ (ಈಗಿನ ಹೆಸರು ಶ್ರೀ ವಿಜಯ ಪುರಂ) ಸುಮಾರು 135 ಕಿ.ಮೀ. ಈಶಾನ್ಯಕ್ಕೆ. ಜನವಸತಿ ಇಲ್ಲ. ಅಗಲ 3 ಕಿ.ಮೀ. ಅಷ್ಟೇ. ಒಳಗೆ 2 ಕಿ.ಮೀ. ಅಗಲದ ಕ್ಯಾಲ್ಡೆರಾ (ಜ್ವಾಲಾಮುಖಿ ಕುಸಿದು ಆದ ದೊಡ್ಡ ಕುಳಿ), ಸುತ್ತ 250ರಿಂದ 350 ಮೀಟರ್ ಎತ್ತರದ ಗೋಡೆ. ಪಶ್ಚಿಮದಲ್ಲಿ ಮಾತ್ರ ಗೋಡೆ ಇಲ್ಲ, ಸಮುದ್ರಕ್ಕೆ ಬಾಯಿ ತೆರೆದಿದೆ. ಮಧ್ಯದಲ್ಲಿ ಈಗಲೂ ಹೊಗೆಯಾಡುವ ಬೂದಿಗುಡ್ಡ. ನನ್ನ 1:5000 ಅಳತೆಯಲ್ಲಿ ಇಡೀ ದ್ವೀಪ 60 ಸೆಂ.ಮೀ. ಆಗುತ್ತೆ. ಗೋಡೆ ಸಲೀಸಾಗಿ ಬಂತು. ಪ್ರಾಣ ತಿಂದದ್ದು ಗುಡ್ಡ.

ಮೊದಲ ತಕರಾರು ಅಳತೆಯದ್ದು. ಸುಲಭಕ್ಕೆ ಸಿಗುವ ಎಸ್‌ಆರ್‌ಟಿಎಂ ಡೇಟಾ (ನೆಲದ ಎತ್ತರದ ಅಳತೆ) 2000ದ ಫೆಬ್ರುವರಿಯದ್ದು, ಎಂಡೆವರ್ ಶಟಲ್ ರೇಡಾರ್‌ನಲ್ಲಿ ಅಳೆದದ್ದು. ಈ ಜ್ವಾಲಾಮುಖಿಯೋ, 1832ರ ನಂತರ ಸುಮ್ಮನೆ ಮಲಗಿದ್ದದ್ದು 1991ರಲ್ಲಿ ಎದ್ದಿತು. 1994-95ರಲ್ಲಿ ಮತ್ತೆ ಉಗುಳಿತು. 2005ರ ಮೇ ತಿಂಗಳಿಂದ ಆಗಾಗ ಉಗುಳುತ್ತಲೇ ಇದೆ. ಅಂದರೆ ಡೇಟಾದಲ್ಲಿರುವ ಗುಡ್ಡ ಈಗ ಇಲ್ಲವೇ ಇಲ್ಲ, ಅದರ ಮೇಲೆ ಇನ್ನಷ್ಟು ಬೂದಿ, ಲಾವಾ ಬಿದ್ದಿದೆ. ಇಂಥದ್ದೇ ಇನ್ನೊಂದು, ಕೊಪರ್ನಿಕಸ್ ಡೇಟಾ, 2011ರಿಂದ 2015ರ ಟ್ಯಾನ್‌ಡೆಮ್-ಎಕ್ಸ್ ಉಪಗ್ರಹಗಳದ್ದು. ಎರಡನ್ನೂ ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಒಂದರ ಮೇಲೊಂದು ಇಟ್ಟು ನೋಡಿ: ಹೊರಗಿನ ಗೋಡೆ ಹೆಚ್ಚುಕಮ್ಮಿ ಕೂಡುತ್ತೆ, ನಡುವೆ ಕೂಡಲ್ಲ. ಹಾಗಾಗಿ ಗುಡ್ಡವನ್ನು ಬೇರೆ ತುಂಡಾಗಿ ಮಾಡಿ, 2000ದ್ದೊಂದು, ಆಮೇಲಿನದ್ದೊಂದು, ಬೇಕಾದಾಗ ಬದಲಿಸಿ ಕೂರಿಸುವುದು ಅಂತ ತೀರ್ಮಾನಿಸಿದೆ.

ಫೋಮ್ ಕೆತ್ತಿದ ಗುಡ್ಡ ನೋಡಲು ಚೆನ್ನಾಗಿರಲಿಲ್ಲ. ಇಳಿಜಾರು ಎಲ್ಲೋ ಸುಳ್ಳು ಅನಿಸುತ್ತಿತ್ತು. ನಿಜವಾದ ಬೂದಿಗುಡ್ಡ ಆಗುವುದೇ ಮೇಲಿಂದ ಉದುರಿದ ಸಡಿಲ ಕಾಳುಗಳಿಂದ. ಒಣ ಕಾಳು ತನ್ನಷ್ಟಕ್ಕೆ ನಿಲ್ಲುವ ಇಳಿಜಾರು 30 ಡಿಗ್ರಿ ಚಿಲ್ಲರೆ. ಕಾಳು ಕಲ್ಲಿನಷ್ಟಿದ್ದರೂ ಸಾಸಿವೆಯಷ್ಟಿದ್ದರೂ ಆ ಕೋನ ಹೆಚ್ಚೇನೂ ಬದಲಾಗಲ್ಲ. ಹಾಗಿದ್ದ ಮೇಲೆ ಕೆತ್ತುವುದೇಕೆ? ಸುರಿದರಾಯಿತು.

ಅಕ್ವೇರಿಯಂ ಅಂಗಡಿಯ ಕಪ್ಪು ಮರಳು ತಂದೆ. ಬಣ್ಣ ಹಚ್ಚಿದ ಮಾಲು, ಒದ್ದೆಯಾದ ಕೂಡಲೇ ಮಸಿ ಬಿಟ್ಟಿತು. ಕೊನೆಗೆ ಕೈಹಿಡಿದದ್ದು ಕಮ್ಮಾರರ ಕುಲುಮೆಯ ಕಿಟ್ಟ. ಕುಟ್ಟಿ, ಚಹಾ ಜರಡಿಯಲ್ಲಿ ಸೋಸಿದರೆ ತೂತುತೂತಾದ, ಹೊಳಪಿಲ್ಲದ, ಒರಟು ಕಪ್ಪು ಕಾಳು ಸಿಗುತ್ತೆ. ನಡುವೆ ತೂತು ಕೊರೆದ ಪ್ಲೈವುಡ್ ಬಿಲ್ಲೆಯ ಮೇಲೆ ಫನಲ್‌ನಲ್ಲಿ ಸುರಿದೆ. ಆಮೇಲೆ ತೂತಿಗೆ ಕೆಳಗಿನಿಂದ ಹಾಕಿದ್ದ ಬಿರಡೆ ಎಳೆದರೆ ನಡುವಿನ ಕಾಳು ಸುರ್ರನೆ ಇಳಿದು, ತುದಿಯಲ್ಲಿ ತಾನಾಗಿ ಕುಳಿ ಬೀಳುತ್ತೆ. ಬಾಯಿಯ ಅಂಚು ಕೂಡ ಕಚ್ಚಿದ ಹಾಗೆ ಸೊಟ್ಟಪಟ್ಟ. ಕೈಯಲ್ಲಿ ಕೆತ್ತಿದರೆ ಅದು ಬರಲ್ಲ ಬಿಡಿ.

ಆದರೆ ಅಂಟಿಸುವುದು ಹೇಗೆ? ಇಲ್ಲೇ ತಲೆ ಕೆಟ್ಟದ್ದು. ಸ್ಪ್ರೇ ಮಾಡಿದರೆ ಒಂದೊಂದು ಹನಿಯೂ ಗುಳಿ ತೋಡುತ್ತೆ. ಡ್ರಾಪರ್‌ನಲ್ಲಿ ಬಿಟ್ಟರೆ ಹನಿ ಒಳಗಿಳಿಯದೆ, ಪುಡಿ ಮೆತ್ತಿಕೊಂಡು ಗೋಲಿಯಾಗಿ ಉರುಳಿ ಕೆಳಗೆ ಬರುತ್ತೆ, ಹಿಂದೆಯೇ ಅರ್ಧ ಗುಡ್ಡವೂ ಬರುತ್ತೆ. ಎಷ್ಟು ಸಲ ಕುಸಿಯಿತೋ ಲೆಕ್ಕ ಇಟ್ಟಿಲ್ಲ. ಕೆಲಸ ಮಾಡಿದ್ದು ಇದು: ಮೊದಲು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ತುಂಬಿದ ಸಣ್ಣ ಸ್ಪ್ರೇಯನ್ನು ಗುಡ್ಡದ ಕಡೆ ತೋರಿಸದೆ ಮೇಲಕ್ಕೆ ಹೊಡೆದು, ಮಂಜು ತಾನಾಗಿ ಇಳಿಯಲು ಬಿಡಬೇಕು. ಆಮೇಲೆ ತೆಳ್ಳಗೆ ಮಾಡಿದ ಫೆವಿಕಾಲ್‌ಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ, ಸಿರಿಂಜಿನಲ್ಲಿ ಗುಡ್ಡದ ಬುಡಕ್ಕೆ ಮಾತ್ರ ಬಿಡಬೇಕು. ಬತ್ತಿಗೆ ಎಣ್ಣೆ ಏರಿದ ಹಾಗೆ ಅಂಟು ಮೇಲೇರುತ್ತೆ. ಕಪ್ಪು ಇನ್ನೂ ಕಪ್ಪಾಗುತ್ತಾ ಹೋಗುವ ಗೆರೆ ಕಣ್ಣಿಗೇ ಕಾಣುತ್ತೆ, ಅಲ್ಲಿವರೆಗೆ ಅಂಟು ಹತ್ತಿದೆ ಅಂತ ಲೆಕ್ಕ. ಮಳೆಗಾಲದಲ್ಲಿ ಒಣಗುವುದು ಮಾತ್ರ ಬಲು ನಿಧಾನ, ಅವಸರ ಬೇಡ.

ತುಂಡುಗಳ ಸಂದು ಎದ್ದು ಕಾಣುತ್ತಿತ್ತು. ಅದಕ್ಕೆ ಬಿಲ್ಲೆಯನ್ನು ದುಂಡಗೆ ಬಿಡದೆ, ಪಶ್ಚಿಮಕ್ಕೆ ಸಮುದ್ರದವರೆಗೆ ಹರಿದ ಲಾವಾದ ಆಕಾರಕ್ಕೇ ಕೊಯ್ದೆ. ಲಾವಾದ ಅಂಚಿನಲ್ಲಿ ಹೇಗೂ ಮೆಟ್ಟಿಲಿರುತ್ತೆ, ಸಂದು ಅದರಲ್ಲೇ ಮುಚ್ಚಿಹೋಯಿತು.

ಇನ್ನು ಹೊರ ಇಳಿಜಾರಿನ ಕಾಡು. ಒಳಗೆ ಬರೀ ಕಪ್ಪು, ಹೊರಗೆ ಹಸಿರು, ಈ ದ್ವೀಪದ ಮಜಾ ಇರುವುದೇ ಅಲ್ಲಿ. ಕಾಡಿನಲ್ಲಿ ಪಾರಿವಾಳ, ಹಣ್ಣುಬಾವಲಿ, ಇಲಿ ಇವೆ. ಯಾರೋ ಬಿಟ್ಟುಹೋದ ಮೇಕೆಗಳ ಸಂತತಿಯೂ ಇದೆ. ಅವು ಸಮುದ್ರದ ನೀರು ಕುಡಿದೇ ಬದುಕುತ್ತವೆ ಎಂಬ ಮಾತಿತ್ತು, ಆಮೇಲೆ ಅಲ್ಲಿ ಸಿಹಿನೀರಿನ ಒರತೆ ಇರುವುದು ಗೊತ್ತಾಯಿತು. ಮೇಕೆ ಇಡಿ ಅಂತ ಮಗಳ ಹಟ. ಈ ಅಳತೆಯಲ್ಲಿ ಒಂದು ಗಸಗಸೆ ಕಾಳು ಇಟ್ಟರೂ ಅದು ಆನೆ ಗಾತ್ರದ ಮೇಕೆ!

ಮುಂದಿನ ಮಾಡೆಲ್ ಅಂಡಮಾನಿನದ್ದೇ ಇನ್ನೊಂದು ದ್ವೀಪ ನಾರ್ಕೊಂಡಮ್ ಅಂದುಕೊಂಡಿದ್ದೆ. 710 ಮೀಟರ್ ಶಿಖರ, ಪೂರ್ತಿ ಕಾಡು, ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಮಂಗಟ್ಟೆ ಹಕ್ಕಿ. ಆದರೆ ಈಗ ಬೇರೆ ಹುಳ ಹೊಕ್ಕಿದೆ. ಬ್ಯಾರನ್ ಅಂತ ನಾವು ನೋಡುವುದು ಬರೀ ತುದಿ, ಅದರ ಬುಡ ಸಮುದ್ರದೊಳಗೆ ಸುಮಾರು 2250 ಮೀಟರ್ ಕೆಳಗಿದೆ. ಇದೇ ಅಳತೆಯಲ್ಲಿ ಇನ್ನೂ 45 ಸೆಂ.ಮೀ. ಕೆಳಗೆ ಕಟ್ಟಬೇಕು, ಬುಡ ಎಷ್ಟು ಅಗಲ ಹರಡುತ್ತೋ ನೋಡಬೇಕು. ಊಟದ ಟೇಬಲ್ ಸಾಲಲ್ಲ. ಸಮುದ್ರಕ್ಕೆ ನೀಲಿ ರೆಸಿನ್ ಬೇಕು, ಕಡಿಮೆ ರೇಟಿಗೆ, ಹಳದಿ ತಿರುಗದ ಮಾಲು ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ದವರು ಹೇಳಿ. "ಎರಡೂ ಒಂದೇ" ಅನ್ನುವ ಅಂಗಡಿ ಬಿಟ್ಟು.