ಕುಮಟಾದಿಂದ ಅಘನಾಶಿನಿಗೆ, ಗಟಾರದ ಬದಿಯಿಂದ

ಕುಮಟಾ ಪೇಟೆಯಿಂದ ಹೊರಟು ಹೊಲನಗದ್ದೆ, ಬಾಡ, ಗುಡೇಅಂಗಡಿ, ಕಾಗಾಲ ದಾಟಿದರೆ ಕೊನೆಗೆ ಅಘನಾಶಿನಿ. ಅಲ್ಲಿಗೆ ರಸ್ತೆ ಮುಗಿಯಿತು. ಮುಂದೆ ಹೊಳೆ, ಹೊಳೆಯಾಚೆ ತದಡಿ. ಚಿಕ್ಕವಳಿದ್ದಾಗಿಂದ ಈ ದಾರಿಯಲ್ಲಿ ಓಡಾಡಿದ್ದೇನೆ. ಆದರೆ ಬಸ್ಸಿನ ಕಿಟಕಿಯಲ್ಲಿ ಕಂಡದ್ದೆಲ್ಲ ಸುಮ್ನೆ ಹಸಿರು, ಅಷ್ಟೇ. ಈ ಶ್ರಾವಣದಲ್ಲಿ ಆ ಹಸಿರಿನೊಳಗೆ ಯಾರ್ಯಾರಿದ್ದಾರೆ ಅಂತ ನೋಡುವ ಹುಚ್ಚು ಹತ್ತಿತು.

ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು. ಪುರುಸೊತ್ತು ಸಿಗುವುದು ಭಾನುವಾರ ಮಾತ್ರ. ಸ್ಕೂಟಿಯ ಮೀಟರ್ ನೋಡಿಕೊಂಡು ಅರ್ಧ ಕಿಲೋಮೀಟರಿಗೊಮ್ಮೆ ನಿಲ್ಲುತ್ತಿದ್ದೆ. ರಸ್ತೆಯುದ್ದಕ್ಕೆ 5 ಮೀಟರ್, ಡಾಂಬರಿನ ಅಂಚಿಂದ ಆಚೆಗೆ 2 ಮೀಟರ್ ಹಗ್ಗ ಹಾಸಿ, ಅದರೊಳಗಿನ ಗಿಡಗಳನ್ನೆಲ್ಲ ಬರೆಯುವುದು. ಹಾಳೆಯಲ್ಲಿ ಎರಡು ಕಾಲಂ: 'ನಮ್ಮವು', 'ಹೊರಗಿನವು'. ಕೊನೆಗೆ ಸಣ್ಣದೊಂದು ಷರಾ. ಮೊದಲ ಭಾನುವಾರ ಪೆನ್ನು ಒಯ್ದಿದ್ದೆ. ಮಳೆ ಬಂತು, ಅರ್ಧ ಹಾಳೆ ನೀಲಿ ನೀರಾಯಿತು. ಆಮೇಲೆ ಪೆನ್ಸಿಲ್ಲೇ.

ಮೊದಲ ತಪ್ಪು ಮೊದಲ ನಿಲುಗಡೆಯಲ್ಲೇ ಆಯಿತು. ನಾಚಿಕೆ ಮುಳ್ಳನ್ನು ಹಿಂದೆಮುಂದೆ ನೋಡದೆ 'ನಮ್ಮವು' ಕಾಲಮ್ಮಿಗೆ ಹಾಕಿದ್ದೆ. ಮನೆಗೆ ಬಂದು ಪುಸ್ತಕ ತೆಗೆದರೆ ಅದು ಅಮೆರಿಕ ಖಂಡದ ಉಷ್ಣ ಸೀಮೆಯದು! ಎಲೆ ಯಾಕೆ ಮುಚ್ಚುತ್ತದೆ ಅಂತ ಪ್ರತಿ ವರ್ಷ ಪಾಠ ಮಾಡುತ್ತೇನೆ, ಎಲ್ಲಿಂದ ಬಂತು ಅಂತ ಒಮ್ಮೆಯೂ ನೋಡಿರಲಿಲ್ಲ. 'ಮುಟ್ಟಿದರೆ ಮುನಿ' ಅಂತ ಅಷ್ಟು ಚಂದದ ಹೆಸರಿಟ್ಟುಕೊಂಡು ಕೂತಿದ್ದು ಪರದೇಶದ್ದು ಅಂದರೆ ಯಾರಿಗೆ ಅನುಮಾನ ಬರುತ್ತದೆ, ಅಲ್ವಾ?

ಬಾಡ ದಾಟಿದ ಮೇಲೆ ಅಕೇಶಿಯಾ ಜಾಸ್ತಿ. ಆಸ್ಟ್ರೇಲಿಯಾ ಕಡೆಯ ಮರ. 1980ರ ದಶಕದ ಸಾಮಾಜಿಕ ಅರಣ್ಯದ ಕಾಲದಲ್ಲಿ ಕರಾವಳಿಯ ಬೋಳು ಗುಡ್ಡಗಳಿಗೆಲ್ಲ ಇದನ್ನು ನೆಟ್ಟರು. ಗಟಾರದಲ್ಲಿ ಹಳೆಯ ಕೋಡೊಂದು ಬಿದ್ದಿತ್ತು, ಕಿವಿಯ ಹಾಗೆ ತಿರುಚಿಕೊಂಡು. ಬಿಡಿಸಿದೆ. ಕರಿ ಮಣಿಯಂಥ ಬೀಜ, ಅದಕ್ಕೆ ಸುತ್ತಿಕೊಂಡ ಕಿತ್ತಳೆ ಬಣ್ಣದ ದಾರ. ಹಕ್ಕಿಗಳು ಬರುವುದು ಆ ದಾರದ ಆಸೆಗೆ. ಬೀಜ ಪುಕ್ಕಟೆ ಸವಾರಿ ಮಾಡುತ್ತದೆ. ಯಾರೂ ನೆಡದ ಕಡೆ, ಚಿರೇಕಲ್ಲಿನ ಪಾಗಾರದ ಸಂದಿಯಲ್ಲೂ ಸಸಿ ಎದ್ದಿದ್ದು ಹೇಗೆ ಅಂತ ಆಗ ಗೊತ್ತಾಯಿತು.

ಅಲ್ಲೇ ಬಗ್ಗಿ ಕೂತಿದ್ದಾಗ ಹಿಂದಿನಿಂದ ಕೇಳಿತು: "ಎಂತ ಹುಡುಕ್ತೀ ತಂಗೀ, ಓಲೆ ಬಿತ್ತಾ?"

ತಲೆ ಮೇಲೆ ಕಟ್ಟಿಗೆ ಹೊರೆ ಹೊತ್ತ ಅಜ್ಜಿ. ಗಿಡ ಲೆಕ್ಕ ಹಾಕ್ತಿದ್ದೇನೆ ಅಂದೆ. ಹೊರೆ ಇಳಿಸಿ ಪಾಗಾರದ ಮೇಲೆ ಕೂತರು. ಇನ್ನು ಸುಲಭಕ್ಕೆ ಏಳುವುದಿಲ್ಲ ಅಂತ ಗೊತ್ತಾಯಿತು, ನನಗೂ ಅದೇ ಬೇಕಿತ್ತು. ಅಕೇಶಿಯಾ ತೋರಿಸಿದರೆ, "ಇದು ಸರ್ಕಾರದ ಗಿಡ. ಒಲೆಗೆ ಅಡ್ಡಿಲ್ಲ, ಗೊಬ್ರಕ್ಕೆ ಬರೂದಿಲ್ಲ" ಅಂದರು. ನಿಜ. ಅದರ ದರಕು, ಅಂದರೆ ಉದುರಿದ ಒಣ ಎಲೆ, ಕೊಟ್ಟಿಗೆಗೆ ಹಾಕಿದರೆ ಬೇಗ ಕೊಳೆಯುವುದಿಲ್ಲ. ಹಾಗಂತ ಅವರ ಹೊರೆಯಲ್ಲಿದ್ದದ್ದೂ ಅದೇ ಕಟ್ಟಿಗೆ.

ನನ್ನ ಎರಡು ಕಾಲಂ ವಿವರಿಸಿದೆ. ಕೇಳಿಸಿಕೊಂಡು, "ದನ ತಿಂಬೂದು ಯಾವ್ದು, ದೇವ್ರಿಗೆ ಏರ್ಸೂದು ಯಾವ್ದು, ಅದು ಬರೀಲಿಲ್ವಾ?" ಅಂದರು. ಬರೆದಿರಲಿಲ್ಲ. ಪೆನ್ಸಿಲಿನಲ್ಲೇ ಇನ್ನೆರಡು ಗೆರೆ ಎಳೆದೆ. ಕೇಪಳ, ನೆಕ್ಕರಕ, ಕೌಳಿ, ಲಕ್ಕಿ ಅಂತ ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಹೊಸ ಕಾಲಮ್ಮುಗಳಲ್ಲಿ ಹೊರಗಿನ ಗಿಡಗಳ ಸಾಲು ಹೆಚ್ಚುಕಡಿಮೆ ಖಾಲಿಯೇ ಉಳಿಯಿತು.

ಅಷ್ಟರಲ್ಲಿ ನಾನು ಜಾಣತನ ತೋರಿಸಲು ಹೋಗಿ ಕೇದಗೆ ಎಲೆ ಎಳೆದೆ. ಅಂಚಿನ ಮುಳ್ಳು ಬೆರಳು ಸೀಳಿತು. ಅಜ್ಜಿ ಗಟಾರದ ಬದಿಯ ಕಮ್ಯುನಿಸ್ಟ್ ಗಿಡದ ನಾಲ್ಕು ಎಲೆ ತಿಕ್ಕಿ ರಸ ಹಿಂಡಿದರು. ಉರಿಯಿತು, ರಕ್ತ ನಿಂತಿತು. ನನ್ನ ಹಾಳೆಯಲ್ಲಿ ಎಲ್ಲಕ್ಕಿಂತ ಕೆಟ್ಟ ಆಕ್ರಮಣಕಾರಿ ಅಂತ ಎರಡು ಸಲ ಗೆರೆ ಎಳೆಸಿಕೊಂಡ ಗಿಡ ಅದು. ಕುಯ್ಲಿಲ್ಲ, ಮೇವಿಲ್ಲ, ಬೇಸಿಗೆಯಲ್ಲಿ ಒಣಗಿ ಬೆಂಕಿಗೆ ತುಪ್ಪ. ಗೆರೆಯನ್ನೇನೂ ಅಳಿಸಲಿಲ್ಲ.

ಒಂದು ಕಡೆ ರಸ್ತೆ ಬದಿ ಎತ್ತರಿಸಲು ಎಲ್ಲಿಂದಲೋ ತಂದು ಸುರಿದ ಮಣ್ಣು. ಅದರ ಮೇಲೆ ಮಾತ್ರ ಕಾಂಗ್ರೆಸ್ ಗಿಡ, ಹಿಂದೆ ಮುಂದೆ ಎಲ್ಲೂ ಇಲ್ಲ. ಟಿಪ್ಪರಿನಲ್ಲೇ ಬಂದಿರಬೇಕು.

ಕಾಗಾಲದ ಹತ್ತಿರ 13ನೇ ನಿಲುಗಡೆಯಲ್ಲಿ ಗೌರಿ ಹೂ ಸಿಕ್ಕಿತು. ಬರೆಯುವುದು ಬಿಟ್ಟು ಅರ್ಧ ಗಂಟೆ ಅದನ್ನೇ ನೋಡಿದೆ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದವರ ಕೈ ಹಿಡಿಯುತ್ತದೆ. ಅಲೆಅಲೆ ಅಂಚಿನ ಎಸಳುಗಳು ಮೇಲಕ್ಕೆ ಮಡಚಿ ಬೆಂಕಿಯ ಹಾಗೆ ನಿಂತಿದ್ದವು, ಬುಡ ಹಳದಿ, ತುದಿ ಕೆಂಪು. ಶಲಾಕೆ (ಹೂವಿನ ಹೆಣ್ಣು ಭಾಗದ ದಂಟು) ಮಾತ್ರ ಬುಡದಲ್ಲೇ ಮುರಿದಂತೆ ಪಕ್ಕಕ್ಕೆ ಚಾಚಿಕೊಂಡಿತ್ತು. ಗೆಡ್ಡೆಯಿಂದ ಬೀಜದವರೆಗೆ ಇಡೀ ಗಿಡ ವಿಷ. ಗೌಟ್ ಎಂಬ ಕೀಲುನೋವಿಗೆ ಕೊಡುವ ಕಾಲ್ಚಿಸಿನ್ ಇದರಲ್ಲಿದೆ. ಚೌತಿಗೆ ಗಣಪತಿಯ ಮೇಲೆ ಕಟ್ಟುವ ಫಲಾವಳಿಗೆ ಇದು ಬೇಕೇ ಬೇಕು. ಈ ಬಳ್ಳಿ ಹತ್ತಿದ್ದು ಯಾವುದರ ಮೇಲೆ ಗೊತ್ತಾ? ಲಂಟಾನದ ಮೇಲೆ. 19ನೇ ಶತಮಾನದ ಶುರುವಿನಲ್ಲಿ ಅಲಂಕಾರಕ್ಕೆಂದು ಕಲ್ಕತ್ತೆಯ ತೋಟಕ್ಕೆ ತಂದ ಗಿಡ, ಈಗ ಇಲ್ಲಿ ಗೌರಿಗೆ ಚಪ್ಪರ. ಲಂಟಾನ ಕಡಿದರೆ ಗೌರಿಯೂ ಗಟಾರಕ್ಕೆ. ಆಳೆತ್ತರದ ಆ ಪೊದೆಯನ್ನು ಮನಸ್ಸಲ್ಲೇ ಸವರಿ ಹಾಕಿದ್ದ ನಾನು ಸುಮ್ಮನಾದೆ.

ಪಕ್ಕದಲ್ಲಿ ಹಳದಿ ಹೂವಿನ ವೆಡೇಲಿಯಾ ಚಾಪೆಯಂತೆ ಹಬ್ಬಿತ್ತು. ಯಾರದೋ ಅಂಗಳದ ಕುಂಡದಿಂದ ತಪ್ಪಿಸಿಕೊಂಡದ್ದು. ಹತ್ತಿರದ ಮನೆಯವರು ಭೃಂಗರಾಜ ಅಂತ ಅದನ್ನು ಎಣ್ಣೆಗೆ ಕುದಿಸುತ್ತಾರಂತೆ. ಅಲ್ಲ ಅಂತ ಹೇಳಿದೆ. ಅವರಿಗೆ ಖುಷಿಯಾಗಲಿಲ್ಲ.

ಚೌತಿಯ ಹಿಂದಿನ ದಿನ ಅಣ್ಣ ಫೋನ್ ಮಾಡಿದ, "ಗೌರಿ ಹೂ ಎಲ್ಲೂ ಸಿಗ್ತಿಲ್ಲ ಮಾರಾಯ್ತಿ, ನೀನು ರಸ್ತೆ ಅಳೀತಿದ್ಯಲ್ಲ." ನಂಗೊತ್ತು ಎಲ್ಲಿದೆ ಅಂತ ದೊಡ್ಡದಾಗಿ ಹೇಳಿ ಸ್ಕೂಟಿ ಹತ್ತಿದೆ. 13ನೇ ನಿಲುಗಡೆಯಲ್ಲಿ ಒಂದೂ ಹೂವಿಲ್ಲ. ನನಗಿಂತ ಮುಂಚೆ ಯಾರೋ ಬಂದು ಬಳ್ಳಿ ಕೀಳದೆ, ಹೂವನ್ನು ಮಾತ್ರ ಉಗುರಲ್ಲಿ ಚಿವುಟಿಕೊಂಡು ಹೋಗಿದ್ದರು. ವೆಡೇಲಿಯಾ ಮೈತುಂಬ ಅರಳಿ ಹಾಗೇ ಇತ್ತು. ಚೀಲದಿಂದ ಹಾಳೆ ತೆಗೆದು ಷರಾದಲ್ಲಿ 'ಚೌತಿ' ಅಂತ ಬರೆದುಕೊಂಡು ವಾಪಸಾದೆ.